ಮೇ ತಿಂಗಳ ಮಧ್ಯಾಹ್ನಕ್ಕೆ ಹೊಂದುವ ಓವರ್‌ಕ್ಲಾಕ್

ಪ್ರಶ್ನೆ: ನಾನು ರಾಯಚೂರಿನಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುತ್ತೇನೆ. ನನ್ನದು ಇಂಟೆಲ್ ಕೋರ್ ಐ5-12600ಕೆ ಪ್ರೊಸೆಸರ್; ಅದರ ಮೇಲೆ 120 ಮಿಲಿಮೀಟರ್ ಫ್ಯಾನಿನ ಸಾಧಾರಣ ಟವರ್ ಕೂಲರ್ ಕೂರಿಸಿದ್ದೇನೆ. ಜನವರಿಯಲ್ಲಿ ದೊಡ್ಡ ಕೋರ್‌ಗಳನ್ನೆಲ್ಲ 1.28 ವೋಲ್ಟ್‌ನಲ್ಲಿ 5.0 ಗಿಗಾಹರ್ಟ್ಸ್‌ಗೆ ಓವರ್‌ಕ್ಲಾಕ್ ಮಾಡಿದೆ, ಅಂದರೆ ತಯಾರಕರು ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದೆ. ಆಗ ಕೋಣೆ 24 ಡಿಗ್ರಿ ಇತ್ತು. ರೆಂಡರ್ ಹಚ್ಚಿದಾಗ ಪ್ರೊಸೆಸರ್ 155 ವಾಟ್ ಎಳೆಯುತ್ತ 80 ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ಈಗ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕೋಣೆ 39 ಡಿಗ್ರಿ ಇರುತ್ತದೆ, ಅದೇ ಕೆಲಸಕ್ಕೆ ಪ್ರೊಸೆಸರ್ 97 ತೋರಿಸುತ್ತದೆ, ಕೆಲವೊಮ್ಮೆ 100 ಮುಟ್ಟಿ ವೇಗ ತಾನಾಗಿಯೇ ಇಳಿಯುತ್ತದೆ. ಒಬ್ಬ ಗೆಳೆಯರು 100ರವರೆಗೆ ಭಯವಿಲ್ಲ ಎನ್ನುತ್ತಾರೆ, ಇನ್ನೊಬ್ಬರು 70 ದಾಟಿದರೆ ಚಿಪ್ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಯಾರ ಮಾತು ಸರಿ? ಲಿಕ್ವಿಡ್ ಕೂಲರ್ ಕೊಳ್ಳಬೇಕೆ? ಇಷ್ಟು ದಿನದ ಬಿಸಿಗೆ ಚಿಪ್ ಈಗಾಗಲೇ ಹಾಳಾಗಿರಬಹುದೆ?

ಉತ್ತರ: ಎರಡೂ ಋತುಗಳ ಕೋಣೆಯ ಉಷ್ಣಾಂಶವನ್ನು ನೀವು ಬರೆದಿಟ್ಟುಕೊಂಡಿರುವುದು ಬಹಳ ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಸಮಸ್ಯೆಯ ಮೂಲ ಆ ಎರಡು ಅಂಕಿಗಳಲ್ಲೇ ಇದೆ. ಜನವರಿಯಲ್ಲಿ 80ರಿಂದ 24ನ್ನು ಕಳೆದರೆ 56 ಡಿಗ್ರಿ ಉಳಿಯುತ್ತದೆ. ಅಂದರೆ 155 ವಾಟ್ ಶಾಖವನ್ನು ಹೊರಹಾಕುವಾಗ ನಿಮ್ಮ ಕೂಲರ್ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ 56 ಡಿಗ್ರಿ ಮೇಲೆ ಹಿಡಿದಿಡುತ್ತಿತ್ತು. ಒಂದು ವಾಟ್‌ಗೆ ಸುಮಾರು 0.36 ಡಿಗ್ರಿಯಂತೆ ಏರಿಕೆ. ಈ ಏರಿಕೆ ಕೂಲರ್‌ನ ಗುಣ. ಋತು ಬದಲಾದರೆ ಅದು ಬದಲಾಗುವುದಿಲ್ಲ. ಈಗಿನ 39ಕ್ಕೆ 56ನ್ನು ಕೂಡಿಸಿದರೆ 95 ಆಗುತ್ತದೆ. ಮೇಲಿನ ಎರಡು ಡಿಗ್ರಿ ಬಂದದ್ದು ಸೋರಿಕೆ ವಿದ್ಯುತ್ತಿನಿಂದ: ಸಿಲಿಕಾನ್ ಬಿಸಿಯಾದಷ್ಟೂ ಅದರ ಟ್ರಾನ್ಸಿಸ್ಟರ್‌ಗಳು ಕೆಲಸವಿಲ್ಲದಾಗಲೂ ಹೆಚ್ಚು ವಿದ್ಯುತ್ತನ್ನು ಸೋರಿಸುತ್ತವೆ, ಆ ಸೋರಿಕೆ ಮತ್ತಷ್ಟು ಶಾಖವಾಗುತ್ತದೆ. ಆದ್ದರಿಂದ ನಿಮ್ಮ ಕೂಲರ್ ಕೆಟ್ಟಿಲ್ಲ, ಚಿಪ್ ಮತ್ತು ಕೂಲರ್ ನಡುವೆ ಹಚ್ಚುವ ಪೇಸ್ಟ್ ಒಣಗಿದೆ ಎಂದು ಹೇಳಲೂ ಆಧಾರವಿಲ್ಲ. ನೀವು ಮಾಡಿದ ಓವರ್‌ಕ್ಲಾಕ್ ಜನವರಿಯ ರಾಯಚೂರಿಗೆ ಸರಿಯಾಗಿತ್ತು, ಏಪ್ರಿಲ್‌ನ ರಾಯಚೂರಿಗೆ ಅದು ಅತಿಯಾಯಿತು.

ಹಾಗಾಗಿ ಇನ್ನು ಮುಂದೆ ಪ್ರೊಸೆಸರ್ ಎಷ್ಟು ಡಿಗ್ರಿ ಎಂದು ಮಾತ್ರ ನೋಡುವ ಬದಲು, ಕೋಣೆಗಿಂತ ಎಷ್ಟು ಮೇಲೆ ಎಂದು ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಪ್ರೊಸೆಸರ್ ತಂಪಾಗಿಡುವ ಬಗೆಗೆ ಸಿಗುವ ಬಹುಪಾಲು ಪರೀಕ್ಷಾ ವರದಿಗಳು 20ರಿಂದ 25 ಡಿಗ್ರಿಯ ಕೋಣೆಗಳಲ್ಲಿ ಸಿದ್ಧವಾದವು. ಅವುಗಳಲ್ಲಿ 75 ಡಿಗ್ರಿ ಎಂದು ಕಂಡದ್ದು ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳಗಳ ಮನೆಗಳಿಗೆ ಬಂದರೆ 90 ದಾಟುತ್ತದೆ. ನಮ್ಮ ಭಾಗದವರು ಅಂಥ ವರದಿಗಳನ್ನು ಓದಿ ಕೂಲರ್ ಕೊಳ್ಳುವಾಗ ಈ 15 ಡಿಗ್ರಿಯನ್ನು ಮೊದಲೇ ಸೇರಿಸಿಕೊಳ್ಳಬೇಕು.

ಈಗ ನಿಮ್ಮ ಗೆಳೆಯರ ಮಾತುಗಳಿಗೆ ಬರೋಣ. 100 ಡಿಗ್ರಿ ಎಂಬುದು ಐ5-12600ಕೆಗೆ ಇಂಟೆಲ್ ನಿಗದಿ ಮಾಡಿದ ಗರಿಷ್ಠ ಜಂಕ್ಷನ್ ಉಷ್ಣಾಂಶ, ಅಂದರೆ ಸಿಲಿಕಾನಿನ ಒಳಗೇ ಇರುವ ಸೆನ್ಸರ್ ತೋರಿಸಬಹುದಾದ ಮೇಲಿನ ಗಡಿ. ಅದನ್ನು ಮುಟ್ಟಿದ ಕೂಡಲೇ ಚಿಪ್ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ನೀವು ಕಂಡದ್ದು ಅದನ್ನೇ. ಅದಕ್ಕೂ ಬಹಳ ಮೇಲೆ ಹೋದರೆ ಕಂಪ್ಯೂಟರನ್ನೇ ಆರಿಸಿಬಿಡುವ ಇನ್ನೊಂದು ರಕ್ಷಣೆಯಿದೆ. ಆದ್ದರಿಂದ 100 ಮುಟ್ಟಿದ ಕ್ಷಣಕ್ಕೆ ಚಿಪ್ ಸುಡುವುದಿಲ್ಲ ಎನ್ನುವಷ್ಟರ ಮಟ್ಟಿಗೆ ಮೊದಲ ಗೆಳೆಯರು ಸರಿ. ಆದರೆ ಅದು ರಕ್ಷಣೆ ಕೆಲಸ ಮಾಡುವ ಗಡಿ. ದಿನಕ್ಕೆ ಆರೆಂಟು ಗಂಟೆ ರೆಂಡರ್ ಮಾಡುವವರು ಅಲ್ಲಿಯೇ ವಾಸ ಹೂಡುವುದು ತರವಲ್ಲ.

ಎರಡನೆಯ ಗೆಳೆಯರ 70 ಡಿಗ್ರಿಯ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಿಂದೆ ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಬೇರೊಂದು ಮಿತಿಯನ್ನು ಪ್ರಕಟಿಸುತ್ತಿತ್ತು. 2011ರ ಐ7-2600ಕೆಗೆ ಅದು 72.6 ಡಿಗ್ರಿ ಇತ್ತು. ಆದರೆ ಆ ಅಂಕಿ ಚಿಪ್‌ನ ಮೇಲಿನ ಲೋಹದ ಮುಚ್ಚಳದ ನಡುಭಾಗಕ್ಕೆ ಸಂಬಂಧಿಸಿದ್ದು, ಒಳಗಿನ ಕೋರ್‌ಗಳಿಗಲ್ಲ. ಮುಚ್ಚಳ ಅಷ್ಟಿರುವಾಗ ಒಳಗಿನ ಸೆನ್ಸರ್ ಅದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಹಳೆಯ ಪಟ್ಟಿಯ ಆ ಅಂಕಿಯನ್ನು ಇಂದಿನ ಸಾಫ್ಟ್‌ವೇರ್ ತೋರಿಸುವ ಒಳಗಿನ ಉಷ್ಣಾಂಶಕ್ಕೆ ಹೋಲಿಸಿ ಅನೇಕರು ಇಂದಿಗೂ ಹೆದರುತ್ತಾರೆ. ಮಿತಿ ಚಿಪ್‌ನಿಂದ ಚಿಪ್‌ಗೆ ಬೇರೆ ಎಂಬುದನ್ನೂ ಗಮನಿಸಿ: ಎಎಂಡಿಯ ರೈಜನ್ 5 5600ಎಕ್ಸ್‌ಗೆ 95, ರೈಜನ್ 7 5800ಎಕ್ಸ್‌ಗೆ 90, 7800ಎಕ್ಸ್3ಡಿಗೆ 89 ಡಿಗ್ರಿ. ರೈಜನ್ 7600ಎಕ್ಸ್‌ನಂಥವು ಭಾರೀ ಕೆಲಸದಲ್ಲಿ 95ರವರೆಗೆ ಏರಿ ಅಲ್ಲೇ ನಿಲ್ಲುವಂತೆಯೇ ವಿನ್ಯಾಸಗೊಂಡಿವೆ ಎಂದು ಎಎಂಡಿ ಹೇಳಿದೆ. ಎಲ್ಲರಿಗೂ ಸಲ್ಲುವ ಒಂದೇ ಅಂಕಿಯನ್ನು ಹುಡುಕುವುದರಲ್ಲಿ ಅರ್ಥವಿಲ್ಲ.

ನಿಮ್ಮ ಚಿಪ್‌ಗೆ ನನ್ನ ಸಲಹೆ ಹೀಗಿದೆ. ವರ್ಷದ ಅತಿ ಬಿಸಿಯ ಮಧ್ಯಾಹ್ನ, ನೀವು ನಿಜವಾಗಿ ಮಾಡುವ ರೆಂಡರ್ ಅರ್ಧ ಗಂಟೆ ಓಡಿದ ಮೇಲೆ, ಉಷ್ಣಾಂಶ 85ರ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ನಿಲ್ಲಬೇಕು. ಪ್ರೈಮ್95ನಂಥ ಕಠಿಣ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತು 90 ದಾಟಿದರೆ ಚಿಂತೆಯಿಲ್ಲ, ಏಕೆಂದರೆ ಯಾವ ಮದುವೆ ವಿಡಿಯೊವೂ ಪ್ರೊಸೆಸರನ್ನು ಅಷ್ಟು ಹಿಂಡುವುದಿಲ್ಲ. ದಿನನಿತ್ಯದ ಕೆಲಸದಲ್ಲಿ 95ರ ಮೇಲೆ ನಿಂತರೆ ಮಾತ್ರ ಕೈಹಾಕಲೇಬೇಕು. 85 ಎಂದು ಹೇಳುವುದು ಆ ಅಂಕಿಯಲ್ಲಿ ವಿಶೇಷವಿದೆ ಎಂದಲ್ಲ; ಕರೆಂಟ್ ಹೋಗಿ ಕೋಣೆ ನಾಲ್ಕು ಡಿಗ್ರಿ ಏರಿದರೂ, ಫಿಲ್ಟರ್‌ಗೆ ತಿಂಗಳ ಧೂಳು ಹತ್ತಿದರೂ 100ಕ್ಕೆ ಹೋಗಿ ಬಡಿಯದಷ್ಟು ಅಂತರ ಉಳಿಯಲಿ ಎಂದು.

ಚಿಪ್‌ನ ಆಯುಷ್ಯದ ಬಗೆಗೆ ಯೋಚಿಸುವವರು ಉಷ್ಣಾಂಶಕ್ಕಿಂತ ಮೊದಲು ವೋಲ್ಟೇಜನ್ನು ನೋಡಬೇಕು. ಚಿಪ್‌ನೊಳಗಿನ ಸೂಕ್ಷ್ಮ ತಂತಿಗಳಲ್ಲಿ ಹೆಚ್ಚು ವಿದ್ಯುತ್ ಹರಿದಾಗ ಲೋಹದ ಪರಮಾಣುಗಳು ನಿಧಾನವಾಗಿ ಸ್ಥಳ ಬಿಟ್ಟು ಜರುಗುತ್ತವೆ. ಬಿಸಿ ಆ ಜರುಗುವಿಕೆಯ ವೇಗವನ್ನು ಹೆಚ್ಚಿಸುತ್ತದೆ. ಟ್ರಾನ್ಸಿಸ್ಟರ್‌ನ ತೆಳು ಪದರಗಳೂ ವೋಲ್ಟೇಜ್ ಮತ್ತು ಬಿಸಿ ಕೂಡಿದಾಗಲೇ ಬೇಗ ಸವೆಯುತ್ತವೆ. ಇತ್ತೀಚಿನ ಎರಡು ದೊಡ್ಡ ಪ್ರಕರಣಗಳು ಇದನ್ನೇ ತೋರಿಸಿದವು. 2023ರಲ್ಲಿ ಕೆಲವು ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟಾಗ ಚಿಪ್‌ನೊಳಗಿನ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವ ಎಸ್ಒಸಿ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸುವ ಹೊಸ ಬಯೋಸ್‌ಗಳು (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಬಂದವು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅತಿಯಾದ ವೋಲ್ಟೇಜ್ ಬೇಡಿಕೆಯಿಂದ ಅಸ್ಥಿರತೆ ಕಾಣಿಸಿಕೊಂಡಾಗ, 2024ರ ಆಗಸ್ಟ್‌ನಲ್ಲಿ ಆ ಬೇಡಿಕೆಯನ್ನು 1.55 ವೋಲ್ಟ್‌ಗೆ ಕಟ್ಟಿಹಾಕುವ ಮೈಕ್ರೋಕೋಡ್, ಅಂದರೆ ಚಿಪ್‌ನೊಳಗಿನ ಸೂಚನೆಗಳ ತಿದ್ದುಪಡಿ, ಬಿಡುಗಡೆಯಾಯಿತು. ನಿಮ್ಮದು 12ನೇ ಪೀಳಿಗೆಯದು, ಆ ತೊಂದರೆಗೆ ಸೇರಿದ್ದಲ್ಲ. ಆದರೆ 13 ಅಥವಾ 14ನೇ ಪೀಳಿಗೆಯ ಚಿಪ್ ಇರುವವರು ಓವರ್‌ಕ್ಲಾಕ್‌ನ ಮಾತಿಗೆ ಮುನ್ನ ಬಯೋಸನ್ನು ಹೊಸದಕ್ಕೆ ಏರಿಸಿಕೊಳ್ಳಲೇಬೇಕು. ನಿಮ್ಮ 1.28 ವೋಲ್ಟ್ ಅಪಾಯದ ಮಟ್ಟವಲ್ಲ. ನಾನಾದರೆ ಈ ಚಿಪ್‌ನಲ್ಲಿ ನಿತ್ಯದ ಕೆಲಸಕ್ಕೆ 1.35ನ್ನು ಮೀರುವುದಿಲ್ಲ.

ಈಗ ಪರಿಹಾರ. ಹಣ ಖರ್ಚು ಮಾಡುವ ಮೊದಲು ಖರ್ಚಿಲ್ಲದ ದಾರಿಯನ್ನು ನೋಡಿ, ಏಕೆಂದರೆ ನಿಮ್ಮ ಸಂದರ್ಭದಲ್ಲಿ ಅದೇ ಅತ್ಯುತ್ತಮ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೊಸೆಸರ್ ಕೆಲಸ ಮಾಡುವಾಗ ಹುಟ್ಟುವ ಶಾಖ ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ನೀವು 5.0ರಿಂದ 4.7 ಗಿಗಾಹರ್ಟ್ಸ್‌ಗೆ ಇಳಿದರೆ ಕಳೆದುಕೊಳ್ಳುವ ವೇಗ ನೂರಕ್ಕೆ 6. ಆದರೆ 4.7ಕ್ಕೆ 1.28 ವೋಲ್ಟ್ ಬೇಕಾಗುವುದಿಲ್ಲ, 1.16ರ ಆಸುಪಾಸಿನಲ್ಲಿ ಅದು ಸ್ಥಿರವಾಗಿ ನಿಲ್ಲುವ ಸಂಭವ ಹೆಚ್ಚು, ಆದರೂ ಪ್ರತಿ ಚಿಪ್ ಬೇರೆಯಾದ್ದರಿಂದ ನೀವೇ ಪರೀಕ್ಷಿಸಬೇಕು. 1.16ನ್ನು 1.28ರಿಂದ ಭಾಗಿಸಿ ವರ್ಗ ಮಾಡಿದರೆ 0.82, ಅದನ್ನು 0.94ರಿಂದ ಗುಣಿಸಿದರೆ 0.77. ಅಂದರೆ 155 ವಾಟ್ ಇದ್ದದ್ದು 120ಕ್ಕೆ ಇಳಿಯುತ್ತದೆ, ಏರಿಕೆ 56ರಿಂದ 43ಕ್ಕೆ ಬರುತ್ತದೆ, 39 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 82ರಲ್ಲಿ ನಿಲ್ಲುತ್ತದೆ. ಇದಕ್ಕೆ ನೀವು ತೆರುವ ಬೆಲೆಯೆಂದರೆ, ಒಂದು ಗಂಟೆಯ ರೆಂಡರ್‌ಗೆ ಹೆಚ್ಚೆಂದರೆ ನಾಲ್ಕು ನಿಮಿಷ. ಈಗಂತೂ 100 ಮುಟ್ಟಿ ವೇಗ ಮೇಲೆ ಕೆಳಗೆ ಆಗುತ್ತಿರುವುದರಿಂದ ಆ ನಾಲ್ಕು ನಿಮಿಷವೂ ಪೂರ್ತಿಯಾಗಿ ನಷ್ಟವೆನ್ನಲಾಗದು.

ಬಯೋಸ್‌ನಲ್ಲಿ ಎರಡು ಪ್ರೊಫೈಲ್‌ಗಳನ್ನು ಉಳಿಸಿಕೊಳ್ಳಿ: ಒಂದು ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯವರೆಗಿನದು, ಇನ್ನೊಂದು ಬೇಸಿಗೆಯದು. ಬೇಸಿಗೆಯ ಪ್ರೊಫೈಲ್‌ನಲ್ಲಿ ಪವರ್ ಲಿಮಿಟ್ ಎಂಬ ಎರಡು ಅಂಕಿಗಳನ್ನೂ 125 ವಾಟ್‌ಗೆ ಹಾಕಿ. ಓವರ್‌ಕ್ಲಾಕ್‌ಗೆ ಅವಕಾಶ ಕೊಡುವ ಅನೇಕ ಮದರ್‌ಬೋರ್ಡ್‌ಗಳು ಈ ಮಿತಿಯನ್ನು ತಾವಾಗಿಯೇ 4095 ವಾಟ್‌ಗೆ ಇಟ್ಟಿರುತ್ತವೆ, ಅಂದರೆ ಮಿತಿಯೇ ಇರುವುದಿಲ್ಲ. 125 ವಾಟ್‌ಗೆ ಕಟ್ಟಿದರೆ ಯಾವ ಸಾಫ್ಟ್‌ವೇರ್ ಎಷ್ಟೇ ಹಿಂಡಿದರೂ ನಿಮ್ಮ ಕೂಲರ್‌ನ ಏರಿಕೆ 45 ಡಿಗ್ರಿ ಮೀರುವುದಿಲ್ಲ; ಕೋಣೆ 42ಕ್ಕೆ ಹೋದರೂ ಪ್ರೊಸೆಸರ್ 87ರ ಸುತ್ತಮುತ್ತ ಇರುತ್ತದೆ. ಇದರ ಜೊತೆಗೆ ವೇಗ ಇಳಿಸುವ ಗಡಿಯನ್ನು 100ರಿಂದ 90ಕ್ಕೆ ತರುವ ಆಯ್ಕೆಯೂ ಬಹುತೇಕ ಬಯೋಸ್‌ಗಳಲ್ಲಿದೆ. ಟಿಸಿಸಿ ಆಫ್‌ಸೆಟ್ ಎಂಬಲ್ಲಿ 10 ಎಂದು ಬರೆದರೆ ಸಾಕು.

ನಿಮ್ಮ ಕೆಲಸಕ್ಕೇ ಸೇರಿದ ಇನ್ನೊಂದು ಮಾತು. ಐ5-12600ಕೆಯೊಳಗೆ ಯುಎಚ್‌ಡಿ 770 ಗ್ರಾಫಿಕ್ಸ್ ಇದೆ, ಅದರ ಕ್ವಿಕ್ ಸಿಂಕ್ ಘಟಕ ವಿಡಿಯೊ ಬಿಚ್ಚುವ (ಡಿಕೋಡ್) ಮತ್ತು ಕಟ್ಟುವ (ಎನ್‌ಕೋಡ್) ಕೆಲಸಕ್ಕೆಂದೇ ಇರುವುದು. ಇಂದಿನ ಮದುವೆ ಕ್ಯಾಮೆರಾಗಳು ಕೊಡುವ ಹೆಚ್ಚು ಬಣ್ಣದ ಮಾಹಿತಿ ಹೊತ್ತ 10 ಬಿಟ್, 4:2:2 ಎಚ್.265 ಫೈಲ್‌ಗಳನ್ನು ಅನೇಕ ಗ್ರಾಫಿಕ್ಸ್ ಕಾರ್ಡ್‌ಗಳು ಬಿಚ್ಚಲಾರವು, ಇದು ಬಿಚ್ಚುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ಮುಚ್ಚಿಬಿಡುತ್ತವೆ. ಅದನ್ನು ಬಯೋಸ್‌ನಲ್ಲಿ ತೆರೆದು, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆರಿಸಿಕೊಂಡರೆ ಕೋರ್‌ಗಳ ಮೇಲಿನ ಹೊರೆ ಎಷ್ಟೋ ಇಳಿಯುತ್ತದೆ. 4.7ರ ಬದಲು 5.0ರಲ್ಲಿ ಓಡಿಸಿದರೆ ಸಿಗುವ ನೂರಕ್ಕೆ ಐದಾರು ಲಾಭಕ್ಕಿಂತ ಇದು ನಿಮ್ಮ ಸಮಯವನ್ನು ಹೆಚ್ಚು ಉಳಿಸಬಹುದು.

ಲಿಕ್ವಿಡ್ ಕೂಲರ್‌ನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನೀರಿದೆ ಎಂದ ಮಾತ್ರಕ್ಕೆ ಅದು ಗಾಳಿಗಿಂತ ತಂಪಾಗುವುದಿಲ್ಲ. ನಿಮ್ಮೂರಿನ ಹತ್ತಿರದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ದೈತ್ಯ ಕೂಲಿಂಗ್ ಟವರ್‌ಗಳನ್ನು ನೋಡಿ: ಅಲ್ಲಿ ನೀರಿನ ಒಂದು ಭಾಗ ಆವಿಯಾಗಿ ಹೋಗುತ್ತ ಉಳಿದದ್ದನ್ನು ತಂಪುಮಾಡುತ್ತದೆ, ಆದ್ದರಿಂದ ಆ ನೀರು ಸುತ್ತಲ ಗಾಳಿಗಿಂತ ಕೆಳಗಿನ ಉಷ್ಣಾಂಶಕ್ಕೂ ಇಳಿಯಬಲ್ಲದು. ಕಂಪ್ಯೂಟರಿನ ಲಿಕ್ವಿಡ್ ಕೂಲರ್‌ನಲ್ಲಿ ದ್ರವ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ, ಆವಿಯಾಗುವ ಪ್ರಶ್ನೆಯಿಲ್ಲ. ಶಾಖವನ್ನು ಚಿಪ್‌ನಿಂದ ದೊಡ್ಡ ರೇಡಿಯೇಟರ್‌ಗೆ ಸಾಗಿಸುವುದಷ್ಟೇ ಅದರ ಕೆಲಸ. ಕೋಣೆ 39 ಇದ್ದರೆ ಅದರ ಲೆಕ್ಕವೂ 39ರಿಂದಲೇ ಶುರುವಾಗುತ್ತದೆ. ಒಳ್ಳೆಯ 240 ಅಥವಾ 280 ಮಿಲಿಮೀಟರ್ ರೇಡಿಯೇಟರ್ ನಿಮ್ಮ ಏರಿಕೆಯನ್ನು ಗಣನೀಯವಾಗಿ ಇಳಿಸುವುದು ನಿಜ, ಆದರೆ ಎರಡು ಟವರ್, ಎರಡು ಫ್ಯಾನ್‌ಗಳ ಒಳ್ಳೆಯ ಏರ್ ಕೂಲರ್ ಕಡಿಮೆ ಹಣದಲ್ಲಿ ಅದರ ಹತ್ತಿರಕ್ಕೆ ಬರುತ್ತದೆ.

ನಮ್ಮ ಭಾಗಕ್ಕೆ ನಾನು ಎರಡು ಟವರ್‌ನ ಏರ್ ಕೂಲರನ್ನೇ ಹೇಳುತ್ತೇನೆ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಆ ಫ್ಯಾನ್ ಎಲ್ಲಿ ಬೇಕಾದರೂ ಸಿಗುತ್ತದೆ. ಲಿಕ್ವಿಡ್ ಕೂಲರ್‌ನ ಪಂಪ್ ನಿಂತರೆ ಬದಲಿಗಾಗಿ ಹೈದರಾಬಾದ್ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಗೆ ಮುಖಮಾಡಬೇಕು, ಅದೂ ಮದುವೆಗಳ ಕೆಲಸ ತಲೆಯ ಮೇಲಿರುವಾಗ. ಕೊಳವೆಗಳ ಮೂಲಕ ದ್ರವ ವರ್ಷಗಳಲ್ಲಿ ನಿಧಾನವಾಗಿ ಇಂಗುತ್ತದೆ, ಬಿಸಿಯ ಊರಿನಲ್ಲಿ ಅದು ಇನ್ನಷ್ಟು ಬೇಗ. ಮತ್ತೊಂದು ಕಾರಣವನ್ನು ಜನ ಗಮನಿಸುವುದೇ ಇಲ್ಲ: ಟವರ್ ಕೂಲರ್‌ನ ಫ್ಯಾನ್ ಬೀಸುವ ಗಾಳಿ ಪ್ರೊಸೆಸರ್‌ನ ಸುತ್ತ ಇರುವ ವಿಆರ್‌ಎಂ ಭಾಗವನ್ನೂ ತಂಪುಮಾಡುತ್ತಿರುತ್ತದೆ. ಪ್ರೊಸೆಸರ್‌ಗೆ ವೋಲ್ಟೇಜ್ ಒದಗಿಸುವ ಆ ಭಾಗ ಲಿಕ್ವಿಡ್ ಕೂಲರ್ ಬಂದಾಗ ಗಾಳಿಯಿಲ್ಲದೆ ಬೇಯುತ್ತದೆ. ಇಂಥ ಭಾಗಗಳಲ್ಲಿ ವಿದ್ಯುತ್ತನ್ನು ಹಿಡಿದಿಡುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಎಲ್ಲರೂ ಒಪ್ಪಿದ ಅಂದಾಜು.

ಕೋಣೆಯನ್ನೇ ತಂಪುಮಾಡುವುದು ಇನ್ನೊಂದು ದಾರಿ, ಒಣ ಬಿಸಿಲಿನ ನಮ್ಮ ಜಿಲ್ಲೆಗಳಲ್ಲಿ ನೀರು ಹಾಕುವ ಏರ್ ಕೂಲರ್ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಹೊರಗೆ 41 ಡಿಗ್ರಿ ಇದ್ದು ಗಾಳಿಯ ತೇವಾಂಶ ನೂರಕ್ಕೆ 20 ಇದ್ದರೆ, ನೀರು ಆವಿಯಾಗುತ್ತ ಗಾಳಿಯನ್ನು ಇಳಿಸಬಲ್ಲ ಕೊನೆಯ ಮಟ್ಟ ಸುಮಾರು 23 ಡಿಗ್ರಿ. ಸಾಧಾರಣ ಏರ್ ಕೂಲರ್‌ನ ಬಾಯಲ್ಲಿ 28ರಿಂದ 30 ಡಿಗ್ರಿಯ ಗಾಳಿ ಬರುತ್ತದೆ. ಕೋಣೆ ಹತ್ತು ಡಿಗ್ರಿ ಇಳಿದರೆ ಪ್ರೊಸೆಸರೂ ಹತ್ತು ಡಿಗ್ರಿ ಇಳಿಯುತ್ತದೆ. ಮಳೆಗಾಲದಲ್ಲಿ ತೇವಾಂಶ ಏರಿದಾಗ ಈ ಲಾಭ ಬಹುತೇಕ ಹೋಗುತ್ತದೆ, ಆದರೆ ಆಗ ಹೊರಗಿನ ಬಿಸಿಯೂ ಇಳಿದಿರುತ್ತದೆ. ಎಚ್ಚರವಿರಬೇಕಾದದ್ದು ಕೂಲರ್‌ನ ಗಾಳಿಯನ್ನು ನೇರವಾಗಿ ಕ್ಯಾಬಿನೆಟ್‌ಗೆ ಹಿಡಿಯುವ ವಿಷಯದಲ್ಲಿ. ಬೋರ್‌ವೆಲ್‌ನ ಗಡಸು ನೀರಿನ ಸಣ್ಣ ಹನಿಗಳು ಆ ಗಾಳಿಯೊಂದಿಗೆ ಹಾರಿಬಂದು, ಒಣಗಿ, ಬೋರ್ಡಿನ ಮೇಲೆ ಬಿಳಿಯ ಉಪ್ಪಿನ ಪದರವಾಗಿ ಕೂರುತ್ತವೆ. ಮೇಲೆ ಧೂಳು ಕೂತು ತೇವ ಹಿಡಿದರೆ ಅದು ವಿದ್ಯುತ್ತಿಗೆ ದಾರಿಯಾಗುತ್ತದೆ. ಕೂಲರನ್ನು ಕಿಟಕಿಯ ಹೊರಗಿಟ್ಟು, ಕ್ಯಾಬಿನೆಟನ್ನು ಗಾಳಿಯ ನೇರ ದಾರಿಯಿಂದ ಪಕ್ಕಕ್ಕೆ ಸರಿಸಿ. ಇನ್ನೂ ಒಂದು: ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್‌ನ ಮೇಲೆ ಓಡುತ್ತಿರುತ್ತದೆ, ಏರ್ ಕೂಲರ್ ನಿಂತಿರುತ್ತದೆ. ಆದ್ದರಿಂದ ನಿಮ್ಮ ಬೇಸಿಗೆ ಪ್ರೊಫೈಲನ್ನು ಏರ್ ಕೂಲರ್ ಇಲ್ಲದ ಕೋಣೆಯಲ್ಲೇ ಪರೀಕ್ಷಿಸಿ ನಿಗದಿಮಾಡಬೇಕು. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆಯಾದರೆ ಆ ಪರೀಕ್ಷೆಗೆ ಸಂಜೆ ನಾಲ್ಕರ ನಂತರದ ಹೊತ್ತು ತಕ್ಕದ್ದು, ಏಕೆಂದರೆ ದಿನವಿಡೀ ಕಾದ ಮಾಳಿಗೆ ರಾತ್ರಿಯವರೆಗೂ ಕೋಣೆಗೆ ಬಿಸಿಯನ್ನು ಇಳಿಸುತ್ತಲೇ ಇರುತ್ತದೆ.

ಧೂಳಿನ ವಿಷಯವನ್ನು ಬಿಡುವಂತಿಲ್ಲ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ಗಳ ಸುತ್ತಲಿನ ಗಾಳಿಯಲ್ಲಿ ಹಾರುವ ಎಳೆಗಳು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಸಿಕ್ಕಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ, ಆಮೇಲೆ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಒಳಗೆ ಹೋಗುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಪಕ್ಕದಲ್ಲೂ ಇದೇ ಪಾಡು. ಕೊಪ್ಪಳದ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಧೂಳು ಇನ್ನೂ ಕೆಟ್ಟದ್ದು, ಏಕೆಂದರೆ ಅದರಲ್ಲಿನ ಕಬ್ಬಿಣ ಮತ್ತು ಇದ್ದಿಲಿನ ಕಣಗಳ ಮೂಲಕ ವಿದ್ಯುತ್ ಹರಿಯಬಲ್ಲದು. ಬೇಸಿಗೆಯಲ್ಲಿ ಕ್ಯಾಬಿನೆಟ್‌ನ ಮುಂಭಾಗದ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಎರಡು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಹೀಟ್‌ಸಿಂಕ್ ಊದಿಸಿ, ಊದಿಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಕ್ಯಾಬಿನೆಟ್‌ನ ಗಾಳಿಯಾಟ ಸರಿಯಿದೆಯೇ ಎಂದು ತಿಳಿಯಲು, ರೆಂಡರ್ ಓಡುತ್ತಿರುವಾಗ ಪಕ್ಕದ ಬಾಗಿಲು ತೆಗೆದು ಹತ್ತು ನಿಮಿಷ ಕಾಯಿರಿ. ಉಷ್ಣಾಂಶ ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ತೊಂದರೆ ಕ್ಯಾಬಿನೆಟ್‌ನದು; ಅದರ ಮುಂಭಾಗಕ್ಕೆ ಒಂದೆರಡು ಫ್ಯಾನ್ ಸೇರಿಸಿ. ಬಾಗಿಲು ತೆಗೆದೇ ಇಟ್ಟು ಕೆಲಸ ಮಾಡುವುದು ನಮ್ಮ ಧೂಳಿನಲ್ಲಿ ಪರಿಹಾರವಾಗಲಾರದು.

ಕೊನೆಯದಾಗಿ, ಚಿಪ್‌ಗೆ ಹಾನಿಯಾಗಿರಬಹುದೆ ಎಂಬ ಪ್ರಶ್ನೆ. 1.28 ವೋಲ್ಟ್‌ನಲ್ಲಿ ಕೆಲವು ವಾರ 97 ಡಿಗ್ರಿ ಕಂಡದ್ದರಿಂದ ಅಳೆಯುವಷ್ಟು ಹಾನಿ ಆಗಿರುವ ಸಂಭವ ಬಹಳ ಕಡಿಮೆ, ಆದರೆ ಊಹೆಯ ಬದಲು ನೀವೇ ಪರೀಕ್ಷಿಸಬಹುದು. ಸವೆದ ಚಿಪ್‌ನ ಲಕ್ಷಣವೆಂದರೆ, ಮೊದಲು ಸಾಕಾಗುತ್ತಿದ್ದ ವೋಲ್ಟೇಜ್ ಅದೇ ವೇಗಕ್ಕೆ ಈಗ ಸಾಲದಿರುವುದು. ಬೆಳಗಿನ ಐದು ಗಂಟೆಯ ಹೊತ್ತಿಗೆ, ಕೋಣೆ ತಂಪಾಗಿರುವಾಗ, ಜನವರಿಯ ಸೆಟ್ಟಿಂಗ್ ಹಾಕಿ ಜನವರಿಯಲ್ಲಿ ಓಡಿಸಿದ ಪರೀಕ್ಷೆಯನ್ನೇ ಒಂದು ಗಂಟೆ ಓಡಿಸಿ, ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶದಲ್ಲಿ ಡಬ್ಲ್ಯೂಎಚ್‌ಇಎ ದೋಷಗಳ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷಗಳು) ಸಾಲು ಸೊನ್ನೆಯಲ್ಲೇ ಇದೆಯೇ ನೋಡಿ. ಸೊನ್ನೆ ಇದ್ದರೆ ಬೇಸಿಗೆಯ ಪ್ರೊಫೈಲ್ ಹಾಕಿಕೊಂಡು ಕೆಲಸ ಮುಂದುವರಿಸಿ. ದೋಷ ಬಂದರೆ ಪ್ರೊಸೆಸರ್‌ನ ಸೆಟ್ಟಿಂಗ್‌ಗಳನ್ನೆಲ್ಲ ಡೀಫಾಲ್ಟ್‌ಗೆ ತಂದು ಮತ್ತೆ ಓಡಿಸಿ. ಅಲ್ಲಿಯೂ ಕೈಕೊಟ್ಟರೆ, ಪ್ರೊಸೆಸರನ್ನು ದೂರುವ ಮುನ್ನ ರ್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗನ್ನು ಆಫ್ ಮಾಡಿ ಇನ್ನೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಎಕ್ಸ್‌ಎಂಪಿ ಕೂಡ ಒಂದು ಬಗೆಯ ಓವರ್‌ಕ್ಲಾಕೇ, ಬೇಸಿಗೆಯಲ್ಲಿ ರ್ಯಾಮ್‌ ಕೂಡ ತಪ್ಪು ಮಾಡುತ್ತದೆ.